ಗಾಜಿನ ಮನೆಯ ಆರ್ಕಿಡ್, ಕಪ್ಪತಗುಡ್ಡದ ಆರ್ಕಿಡ್

ಹೂ ಬಿಡುವ ಸಸ್ಯಗಳ ಅತಿ ದೊಡ್ಡ ಕುಟುಂಬಗಳಲ್ಲಿ ಆರ್ಕಿಡ್ ಕುಟುಂಬವೂ ಒಂದು. ಜಗತ್ತಿನಲ್ಲಿ ಇದರ ಸುಮಾರು 28,000 ಪ್ರಭೇದಗಳಿವೆ. ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನಮ್ಮ ದೇಶವೊಂದರಲ್ಲಿಯೇ 1,256 ಪ್ರಭೇದಗಳುಂಟು. ಮಲೆನಾಡಿನವರು ಇವುಗಳಲ್ಲೊಂದನ್ನು ಸೀತಾಳೆ ದಂಡೆಯೆಂಬ ಚೆಲುವಾದ ಹೆಸರಿನಿಂದ ಕರೆಯುತ್ತಾರೆ. ಆದರೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ವಿದ್ಯಾರ್ಥಿಗೆ ಆರ್ಕಿಡ್ ಎಂದರೆ ದೂರದ ಕಾಡಿನ ವಸ್ತುವೆಂಬ ಭಾವನೆ ಸಹಜ. ಈ ಭಾವನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸೋಣ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಪ್ರತಿವರ್ಷ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ವೇಳೆಗೆ ಫಲಪುಷ್ಪ ಪ್ರದರ್ಶನಗಳು ನಡೆಯುವುದುಂಟು. ಒಂದು ಆಗಸ್ಟ್ ತಿಂಗಳಿನಲ್ಲಿ ನಾವು ಮನೆಮಂದಿಯೆಲ್ಲ ಬೆಟಗೇರಿಯಿಂದ ಹೊರಟು ಆ ಪ್ರದರ್ಶನಕ್ಕೆ ಹೋದೆವು. 1889ರಲ್ಲಿ ಅಸ್ತಿಭಾರ ಕಂಡ ಗಾಜಿನ ಮನೆಯೇ ಅದರ ಕೇಂದ್ರ. ಅಲ್ಲಿ ಆರ್ಕಿಡ್ಡುಗಳ ಛಾಯಾಚಿತ್ರ ತೆಗೆಯುವುದು ನಮ್ಮ ಮುಖ್ಯ ಉದ್ದೇಶವಾಗಿತ್ತು.

ಹೂವಿನ ಚಿತ್ರ ತೆಗೆಯುವುದು ಸುಲಭವೆಂದು ತೋರಿದರೂ ಅದರಲ್ಲಿ ಬೆಳಕಿನ ಶಾಸ್ತ್ರವಿದೆ. ಮಸೂರವು ವಸ್ತುವಿಗೆ ಹತ್ತಿರವಾದಷ್ಟೂ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಕಡಿಮೆಯಾಗುತ್ತದೆ. ಬಹಳ ಸಮೀಪದಲ್ಲಿ ಅದು ಕೆಲವೇ ಮಿಲಿಮೀಟರುಗಳಿಗೆ ಇಳಿಯುತ್ತದೆ. ಹೂವಿನ ತುದಿ ಸ್ಪಷ್ಟವಾಗಿ, ನಡುಭಾಗ ಮಸುಕಾಗಿ ಬರುವುದು ಇದರಿಂದಲೇ. ಕ್ಯಾಮರಾದ ಬೆಳಕುಕಿಂಡಿಯನ್ನು ಕಿರಿದುಗೊಳಿಸಿದರೆ ಆಳ ಹೆಚ್ಚುತ್ತದೆ. ಆದರೆ ಒಳಹೋಗುವ ಬೆಳಕು ತಗ್ಗುವುದರಿಂದ ಕ್ಯಾಮರಾವನ್ನು ಹೆಚ್ಚು ಹೊತ್ತು ಅಲುಗದಂತೆ ಹಿಡಿಯಬೇಕಾಗುತ್ತದೆ. ಅಚ್ಚ ಬಿಳಿಯ ಹೂವು ಚೌಕಟ್ಟನ್ನು ತುಂಬಿದಾಗ ಬೆಳಕನ್ನು ಅಳೆಯುವ ಯಂತ್ರವು ಬೆಳಕು ಅತಿಯಾಯಿತೆಂದು ಲೆಕ್ಕ ಹಾಕಿ ಚಿತ್ರವನ್ನು ಮಂಕುಗೊಳಿಸುತ್ತದೆ. ಆಗ ನಾವೇ ಬೆಳಕಿನ ಪ್ರಮಾಣವನ್ನು ತುಸು ಹೆಚ್ಚಿಸಬೇಕು. ಫೋನಿನ ಕ್ಯಾಮರಾಕ್ಕೂ ಈ ಮಾತುಗಳು ಬಹುಮಟ್ಟಿಗೆ ಅನ್ವಯಿಸುತ್ತವೆ.

ಹೀಗೆ ತೆಗೆದ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಆರ್ಕಿಡ್ಡಿನ ರಚನೆ ತೆರೆದುಕೊಳ್ಳುತ್ತದೆ. ಪ್ರದರ್ಶನಗಳಲ್ಲಿ ಧಾರಾಳವಾಗಿ ಕಾಣುವ ಫೆಲನಾಪ್ಸಿಸ್ ಹೂವನ್ನೇ ತೆಗೆದುಕೊಳ್ಳೋಣ. ಹೊರಗೆ ಮೂರು ದಳ, ಒಳಗೆ ಮೂರು ದಳ. ಒಳಗಿನ ಮೂರರಲ್ಲಿ ಒಂದು ಮಾತ್ರ ರೂಪಾಂತರ ಹೊಂದಿ ಮುಂಚಾಚಿದೆ. ಇದಕ್ಕೆ ತುಟಿಯೆಂದು ಹೆಸರು. ಇದು ಕೀಟಕ್ಕೆ ಇಳಿದಾಣ. ಮೊಗ್ಗಿನಲ್ಲಿ ಮೇಲ್ಗಡೆ ಇರುವ ಈ ತುಟಿ, ಹೂವರಳುವ ಮೊದಲು ತೊಟ್ಟು ಸುಮಾರು ಅರ್ಧ ಸುತ್ತು ತಿರುಚಿಕೊಳ್ಳುವುದರಿಂದ ಕೆಳಗಡೆಗೆ ಬರುತ್ತದೆ. ತುಟಿಯ ಮೇಲ್ಭಾಗದಲ್ಲಿ ಗಿಡ್ಡನೆಯ ಕಂಬವೊಂದಿದೆ. ಬೇರೆ ಹೂಗಳಲ್ಲಿ ಪ್ರತ್ಯೇಕವಾಗಿರುವ ಗಂಡುಭಾಗವೂ ಹೆಣ್ಣುಭಾಗವೂ ಇಲ್ಲಿ ಒಂದಾಗಿ ಈ ಕಂಬವಾಗಿವೆ. ಪರಾಗವು ಪುಡಿಯಾಗಿ ಚೆಲ್ಲದೆ ಪಿಂಡಗಳಾಗಿ ಕಂಬದ ತುದಿಯಲ್ಲಿ ಅಡಗಿರುತ್ತದೆ. ಕೀಟವು ಒಳಹೊಕ್ಕು ಹೊರಬರುವಾಗ ಅಂಟುಬಿಲ್ಲೆಯೊಂದು ಅದರ ಮೈಗೆ ತಗುಲಿ, ಪರಾಗಪಿಂಡಗಳು ಇಡಿಯಾಗಿ ಇನ್ನೊಂದು ಹೂವಿಗೆ ಸಾಗುತ್ತವೆ. 1862ರಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ಇಡೀ ಗ್ರಂಥವನ್ನು ಈ ವ್ಯವಸ್ಥೆಗೇ ಮೀಸಲಿಟ್ಟನು.

ಒಂದು ಕುಂಡದಲ್ಲಿ ವ್ಯಾಂಡಾ ಜಾತಿಯ ಗಿಡವಿತ್ತು. ಅದರ ಬೇರುಗಳು ಮಣ್ಣಿಗಿಳಿಯದೆ ಗಾಳಿಯಲ್ಲಿ ಜೋತಾಡುತ್ತಿದ್ದವು. ಶಿರಹಟ್ಟಿಯ ತೋಟದಲ್ಲಿ ಬೆಳೆದ ನಮ್ಮ ಅಜ್ಜಿಯವರು ಅದನ್ನು ನೋಡಿ, "ತಮ್ಮಾ, ಇದು ಬಂದಳಿಕಿ ಅಲ್ಲೇನ? ಮಾವಿನ ಗಿಡಕ್ಕ ಹತ್ತಿದ್ರ ಗಿಡಾನ ಒಣಗಸತೈತಿ" ಎಂದರು. ಈ ಪ್ರಶ್ನೆ ಬಹು ಮುಖ್ಯವಾದುದು. ವ್ಯಾಂಡಾ ಎಂಬ ಶಾಸ್ತ್ರೀಯ ನಾಮವೇ ಸಂಸ್ಕೃತದ ‘ವಂದಾ’ ಶಬ್ದದಿಂದ ಬಂದುದು; ಮರದ ಮೇಲೆ ಬೆಳೆಯುವ ಪರಾವಲಂಬಿ ಗಿಡಕ್ಕೆ ಆ ಶಬ್ದ ಸಲ್ಲುತ್ತಿತ್ತು. ಹೆಸರು ಹೇಗೇ ಇರಲಿ, ಇವೆರಡರ ನಡತೆ ಬೇರೆ. ಬಂದಳಿಕೆಯು ತನ್ನ ಹೀರುಬೇರನ್ನು ಕೊಂಬೆಯೊಳಗೆ ಇಳಿಸಿ ಮರದ ನೀರನ್ನೂ ಲವಣಗಳನ್ನೂ ಕದಿಯುತ್ತದೆ. ಅದು ಅಂಟಿದೆಡೆಯಲ್ಲಿ ಕೊಂಬೆ ಗಂಟುಗಟ್ಟುತ್ತದೆ. ಆರ್ಕಿಡ್ಡಾದರೋ ತೊಗಟೆಯನ್ನು ಹಿಡಿದು ನಿಲ್ಲುತ್ತದೆಯೇ ಹೊರತು ಮರದಿಂದ ಏನನ್ನೂ ಹೀರುವುದಿಲ್ಲ. ಅದರ ಬೇರಿನ ಹೊರಕವಚವು ಸತ್ತ ಜೀವಕೋಶಗಳ ಸ್ಪಂಜಿನಂಥ ಪದರ. ಒಣಗಿದಾಗ ಬೆಳ್ಳಗೆ ಕಾಣುತ್ತದೆ, ಮಳೆಹನಿ ಬಿದ್ದೊಡನೆ ನೀರು ಹೀರಿ ಒಳಗಿನ ಹಸಿರನ್ನು ತೋರುತ್ತದೆ. ಬಯಲುಸೀಮೆಯ ಮಾವಿನ ಮರಗಳ ಮೇಲೂ ಬೆಳೆಯಬಲ್ಲ ವ್ಯಾಂಡಾ ಟೆಸೆಲೇಟಾ ಎಂಬ ಆರ್ಕಿಡ್ ಉಂಟು. ಎರಡು ಸಾಲಾಗಿ ಜೋಡಿಸಿದ ಪಟ್ಟಿಯಂಥ ಎಲೆಗಳು, ಜೋಲುವ ದಪ್ಪ ಬೇರುಗಳು ಇದರ ಗುರುತು. ಬಂದಳಿಕೆಯೆಂದು ತಿಳಿದು ಇದನ್ನು ಕಿತ್ತೆಸೆದರೆ ಮರಕ್ಕೆ ಲಾಭವಿಲ್ಲ, ಗಿಡಕ್ಕೆ ಮರಣ.

ಕಿತ್ತ ಆರ್ಕಿಡ್ಡಿನ ಸ್ಥಾನದಲ್ಲಿ ಇನ್ನೊಂದು ಹುಟ್ಟಬಾರದೇ? ಕಷ್ಟವಿರುವುದು ಇಲ್ಲಿಯೇ. ಆರ್ಕಿಡ್ಡಿನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಬೀಜಗಳಿರುತ್ತವೆ. ಆದರೆ ಧೂಳಿನಂಥ ಆ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ಸಂಗ್ರಹವಿಲ್ಲ. ತಕ್ಕ ಶಿಲೀಂಧ್ರವೊಂದು ಬೀಜದೊಳಹೊಕ್ಕು ಆಹಾರ ಒದಗಿಸಿದರೆ ಮಾತ್ರ ಅದು ಮೊಳೆಯುವುದು. ಈ ರಹಸ್ಯವನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ ಕಂಡುಹಿಡಿದನು. ಶಿಲೀಂಧ್ರವಿಲ್ಲದೆ ಸಕ್ಕರೆ ಬೆರೆಸಿದ ಅಗರಿನ ಮೇಲೆಯೇ ಬೀಜ ಮೊಳೆಯಿಸುವ ವಿಧಾನವನ್ನು 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಪ್ರಕಟಿಸಿದನು. 1960ರಲ್ಲಿ ಜಾರ್ಜ್ ಮೊರೆಲ್ ಚಿಗುರಿನ ತುದಿಯ ಸೂಕ್ಷ್ಮ ಭಾಗದಿಂದ ಒಂದೇ ತೆರನಾದ ಅನೇಕ ಗಿಡಗಳನ್ನು ಪಡೆಯುವ ದಾರಿ ತೋರಿದನು. ಪ್ರದರ್ಶನದ ಫೆಲನಾಪ್ಸಿಸ್ ಸಾಲುಸಾಲಾಗಿ ನಿಲ್ಲುವುದು ಗಾಜಿನ ಸೀಸೆಯ ಈ ವಿದ್ಯೆಯಿಂದ. ಕಾಡಿನ ಗಿಡಕ್ಕೆ ಆ ಸೀಸೆಯಿಲ್ಲ. ಅದಕ್ಕೆ ಅದರ ಮಣ್ಣು, ಅದರ ಶಿಲೀಂಧ್ರ, ಅದರ ಕೀಟ ಮೂರೂ ಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆರ್ಕಿಡ್ಡುಗಳೆಲ್ಲ ಮರವೇರಿದವುಗಳಲ್ಲ, ನೆಲದಲ್ಲಿ ಬೆಳೆಯುವವೂ ಬಹಳ. ದಖ್ಖನಿನ ಹುಲ್ಲುಗುಡ್ಡಗಳಲ್ಲಿ ಬೆಳೆಯುವ ಹ್ಯಾಬೆನೇರಿಯಾ ಕುಲದ ಸಸ್ಯಗಳು ಬೇಸಗೆಯಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಎಲೆ, ಕಾಂಡ ಒಣಗಿಹೋಗಿ ಗಡ್ಡೆಯೊಂದೇ ನೆಲದೊಳಗೆ ಬದುಕಿರುತ್ತದೆ. ಮುಂಗಾರು ಬಿದ್ದ ಮೇಲೆ ಅದು ಚಿಗುರಿ, ಆಗಸ್ಟ್ ಹೊತ್ತಿಗೆ ಹುಲ್ಲಿನ ನಡುವೆ ಬಿಳಿಯ ಅಥವಾ ಹಸಿರುಬಿಳುಪಿನ ಹೂಗಳ ಕದಿರನ್ನೆತ್ತುತ್ತದೆ. ಬಯಲುಸೀಮೆಯ ಬರವನ್ನು ಗೆಲ್ಲಲು ಈ ಗಿಡ ಕಂಡುಕೊಂಡ ಉಪಾಯವಿದು. ಬೆಂಗಳೂರಿನಲ್ಲಿ ಜನರು ಸರದಿ ನಿಂತು ಹೂ ನೋಡುವ ಕಾಲವೇ ಇಂಥ ಗುಡ್ಡಗಳ ಹೂಗಾಲವೂ ಹೌದು.

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ಔಷಧೀಯ ಸಸ್ಯಗಳಿಗೆ ಹೆಸರಾದುದು. 2019ರಲ್ಲಿ ಅದನ್ನು ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿಂದ ಗಿಡವನ್ನಾಗಲಿ ಗಡ್ಡೆಯನ್ನಾಗಲಿ ಕಿತ್ತು ತರುವಂತಿಲ್ಲ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು, ವನ್ಯಜೀವಿಧಾಮದ ಪ್ರವೇಶಕ್ಕೆ ಅಪ್ಪಣೆ ಕೊಡಬಹುದಾದ ಕಾರಣಗಳಲ್ಲಿ ಅಧ್ಯಯನದ ಜೊತೆಗೆ ಛಾಯಾಗ್ರಹಣವನ್ನೂ ಹೆಸರಿಸಿದೆ. ಆದುದರಿಂದ ವಿದ್ಯಾರ್ಥಿಗಳು ಅರಣ್ಯ ಇಲಾಖೆಯ ಅಪ್ಪಣೆ ಪಡೆದು, ಅಧ್ಯಾಪಕರೊಡನೆಯೋ ಮನೆಯವರೊಡನೆಯೋ ಮಳೆಗಾಲದಲ್ಲಿ ಗುಡ್ಡಕ್ಕೆ ಹೋಗಿ ನೋಡಬೇಕು. ಹುಲ್ಲನ್ನು ತುಳಿಯದೆ, ಮೊಣಕಾಲೂರಿ, ಹೂವನ್ನು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ, ಎಲೆ ಸಹಿತವಾಗಿ ಇನ್ನೊಮ್ಮೆ ಚಿತ್ರ ತೆಗೆಯಬೇಕು. ಜೊತೆಗೆ ದಿನಾಂಕವನ್ನೂ ಸ್ಥಳವನ್ನೂ ಬರೆದಿಡಬೇಕು. ಸಸ್ಯದ ಹೆಸರನ್ನು ನಿರ್ಧರಿಸಲು ಬಲ್ಲವರಿಗೆ ಅಷ್ಟು ಬಹಳ ನೆರವಾಗುತ್ತದೆ. ಗಡ್ಡೆಯು ನೆಲದಲ್ಲಿಯೇ ಉಳಿದರೆ ಬರುವ ವರ್ಷವೂ ಅದೇ ಜಾಗದಲ್ಲಿ ಹೂವನ್ನು ನಿರೀಕ್ಷಿಸಬಹುದು.