ತೆಂಗಿಗೆ ರೋಗ, ಡಬ್ಬಿಯಲ್ಲಿ ಮದ್ದು

“ಕಾಕಾ, ಇದನ್ನ ತಗೊಂಡ್ರ ಸಕ್ಕರಿ, ಬೀಪಿ ಎರಡೂ ಇಳಿತಾವ್ರಿ.” ರಾಮಥಾಳದ ಕಟ್ಟೆಯ ಮೇಲೆ ಹುಡುಗನೊಬ್ಬ ಡಬ್ಬಿ ತೋರಿಸುತ್ತಿದ್ದ. ಹನಿ ನೀರಾವರಿಯ ಹೊಲದಿಂದ ಮರಳಿದ ಹಿರಿಯರು ಕೇಳಿದರು: “ಹಂಗಾರ ದವಾಖಾನಿ ಗುಳಿಗಿ ಬಿಡಬಹುದೇನೋ ತಮ್ಮಾ?” ನನ್ನನ್ನು ಕಾಡಿದ್ದು ಈ ಪ್ರಶ್ನೆ.

ಡಬ್ಬಿಯಲ್ಲಿದ್ದದ್ದು ಗ್ಯಾನೋಡರ್ಮಾ ಅಣಬೆಯ ಪುಡಿ. ಚೀನಾದಲ್ಲಿ ಇದು ಲಿಂಗ್‌ಝಿ, ಜಪಾನಿನಲ್ಲಿ ರೇಶಿ. ನಮ್ಮ ತೆಂಗು, ಅಡಿಕೆ ತೋಟದವರಿಗೆ ಇದೇ ಕುಲದ ಅಣಬೆ ಎಂದರೆ ದಿಗಿಲು. ತೆಂಗಿನ ಬುಡದಿಂದ ಕೆಂಗಂದು ರಸ ಒಸರುತ್ತದೆ, ಹೊರಸುತ್ತಿನ ಗರಿಗಳು ಜೋತುಬೀಳುತ್ತವೆ, ಕೊನೆಗೆ ಬುಡದಲ್ಲಿ ಅರಗು ಬಳಿದಂತೆ ಹೊಳೆಯುವ, ಕಟ್ಟಿಗೆಯಷ್ಟು ಗಟ್ಟಿಯಾದ ಅಣಬೆ ಮೂಡುತ್ತದೆ. ಕಟ್ಟಿಗೆಗೆ ಬಿಗಿ ಕೊಡುವ ಲಿಗ್ನಿನ್ನನ್ನೇ ಕರಗಿಸಿ ತಿನ್ನಬಲ್ಲ ಜೀವಿ ಇದು. ಅಡಿಕೆಗೆ ತಗಲುವ ಈ ಕೇಡಿಗೆ ಸಸ್ಯರೋಗ ಶಾಸ್ತ್ರದ ಇಂಗ್ಲಿಷ್ ಪುಸ್ತಕಗಳಲ್ಲೂ ‘ಅಣಬೆ ರೋಗ’ ಎಂಬ ನಮ್ಮ ಹೆಸರೇ ನಿಂತಿದೆ.

ಮರಕ್ಕೆ ರೋಗ ತರುವುದು ಮನುಷ್ಯನಿಗೆ ಮದ್ದಾಗಬಾರದೆಂದೇನಿಲ್ಲ. ಇದರಲ್ಲಿ ಬೀಟಾ ಗ್ಲೂಕಾನ್ ಎಂಬ ಸಕ್ಕರೆ ಸರಪಳಿಗಳಿವೆ, ಕಹಿ ಕೊಡುವ ಟ್ರೈಟರ್ಪೀನ್‌ಗಳಿವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ, ಇಲಿಗಳ ಮೇಲೆ ಇವು ಪರಿಣಾಮ ತೋರಿಸಿವೆ. ಆದರೆ ಕಾಕಾ ಇಲಿಯಲ್ಲ. ಮನುಷ್ಯರ ಮೇಲೆ ನಡೆದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ ವಿಮರ್ಶಕರು 2015ರಲ್ಲಿ ಒಟ್ಟುಗೂಡಿಸಿ ನೋಡಿದರು. ಐದು ಪ್ರಯೋಗ, 398 ಜನ. ಸಕ್ಕರೆ ಕಾಯಿಲೆಯವರ ಹೃದಯಕ್ಕಿರುವ ಅಪಾಯ ತಗ್ಗಿಸಲು ಇದನ್ನು ಬಳಸಿ ಎನ್ನುವಂಥ ಪುರಾವೆ ಸಿಗಲಿಲ್ಲ. ಕ್ಯಾನ್ಸರಿಗೂ ಇದನ್ನೇ ಮೊದಲ ಚಿಕಿತ್ಸೆಯಾಗಿ ನಂಬುವಷ್ಟು ಆಧಾರವಿಲ್ಲ ಎಂದಿತು 2016ರ ಇನ್ನೊಂದು ವಿಮರ್ಶೆ. ಕಿಮೋ ಜೊತೆಗೆ ಪೂರಕವಾಗಿ ಕೊಡಬಹುದೇನೋ ಎಂಬಲ್ಲಿಗೆ ನಿಲ್ಲಿಸಿತು.

‘ಗಿಡಮೂಲಿಕೆಯಂಥದ್ದು, ಏನೂ ಆಗಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೊಟ್ಟೆ ಕೆಡುವುದು, ತಲೆ ಸುತ್ತುವುದು ಸಣ್ಣ ಮಾತು. ಪುಡಿ ಸೇವಿಸಿದವರಲ್ಲಿ ಪಿತ್ತಜನಕಾಂಗ ತೀವ್ರವಾಗಿ ಹಾಳಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ರಕ್ತ ಹೆಪ್ಪುಗಟ್ಟುವುದನ್ನು ಇದು ತಡೆಯಬಹುದು; ಆಸ್ಪಿರಿನ್, ವಾರ್ಫರಿನ್ ನುಂಗುವವರಿಗೆ, ಆಪರೇಷನ್‌ಗೆ ದಿನ ಗೊತ್ತಾದವರಿಗೆ ಇದು ದೊಡ್ಡ ವಿಷಯ. ಸಕ್ಕರೆ ಗುಳಿಗೆ ತಗೊಳ್ಳುವವರು ವೈದ್ಯರಿಗೆ ಹೇಳದೆ ಇದನ್ನೂ ಸೇರಿಸಿಕೊಂಡರೆ ಸಕ್ಕರೆ ತೀರಾ ಇಳಿದೀತು. ಮೂತ್ರಪಿಂಡ ಕಸಿಯಾದವರಂತೂ ಮುಟ್ಟಬಾರದು.

ಇನ್ನೊಂದು ತೊಡಕು ಹೆಸರಿನದು. ‘ಗ್ಯಾನೋಡರ್ಮಾ ಲ್ಯೂಸಿಡಮ್’ ಮೂಲತಃ ಯುರೋಪಿನ ಅಣಬೆಗೆ ಇಟ್ಟ ಹೆಸರು. ಚೀನಾದಲ್ಲಿ ಬೆಳೆಸುವುದು ಬೇರೆ ಜಾತಿ ಎಂದು 2012ರಲ್ಲಿ ಅದಕ್ಕೆ ‘ಲಿಂಗ್‌ಝಿ’ ಎಂದೇ ನಾಮಕರಣವಾಯಿತು. ಡಬ್ಬಿಯ ಮೇಲಿನ ಹೆಸರು ನೋಡಿ ಒಳಗಿನದು ಯಾವ ಜಾತಿ ಎಂದು ಹೇಳಲಾಗದು.

ಹಾಗಾದರೆ ದುಡ್ಡು ಉಳಿಸಲು ತೋಟದ್ದನ್ನೇ ಕಿತ್ತು ಕುದಿಸಿದರೆ? ಬೇಡ. ಅಣಬೆ ತಾನು ಬೆಳೆದ ನೆಲೆಯ ಸೀಸ, ಕ್ಯಾಡ್ಮಿಯಮ್ ಹೀರಿಟ್ಟುಕೊಳ್ಳಬಲ್ಲದು. ಮೇಲಾಗಿ, ರೋಗ ಹತ್ತಿದ ತೆಂಗಿಗೆ ಬೇರಿನ ಮೂಲಕ ಹೆಕ್ಸಕೊನಜೋಲ್ ಎಂಬ ಶಿಲೀಂಧ್ರನಾಶಕ ಕುಡಿಸಿರುತ್ತಾರೆ.