ಸಣ್ಣ ಮೀನುಗಳಿಗೆ ಹಗುರ ಗಾಳದ ಕೋಲಿನ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಗಾಳ ಹಾಕಿ ಮೀನು ಹಿಡಿಯುವ ಹವ್ಯಾಸಕ್ಕೆ ಅನುಮತಿ ಕೋರುವವರಲ್ಲಿ ಕೆಲವರು ಅರ್ಜಿ ಸಲ್ಲಿಸುವುದಕ್ಕೆ ಮುನ್ನವೇ ಕೋಲನ್ನು ಖರೀದಿಸುವುದುಂಟು. ಉದ್ದನೆಯ ಹಾಗೂ ಭಾರವಾದ ಕೋಲಿಗೆ ಹಣ ತೆತ್ತ ನಂತರ, ಅಂಗೈಯಗಲದ ಮೀನು ಎರೆಯನ್ನು ಕಚ್ಚಿದ್ದು ಕೈಗೆ ತಿಳಿಯದೇ ಹೋಗುತ್ತದೆ. ಈ ನಷ್ಟವನ್ನು ತಪ್ಪಿಸುವ ಉದ್ದೇಶದಿಂದ ಕೆಳಕಂಡ ವಿವರಗಳನ್ನು ನೀಡಲಾಗಿದೆ. ಮೊದಲು ಜಲಮೂಲ, ನಂತರ ಮೀನು, ನಂತರ ದಾರ, ನಂತರ ಕೋಲು, ಕಡೆಯದಾಗಿ ಬೆಲೆ – ಈ ಅನುಕ್ರಮವನ್ನು ಪಾಲಿಸುವುದು ಸೂಕ್ತ.

ಜಲಮೂಲ ಮತ್ತು ಅನುಮತಿ

ರಾಜ್ಯದ ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೆ ಅಥವಾ ಇತರರಿಗೆ ಗುತ್ತಿಗೆ ನೀಡಲಾಗಿರುತ್ತದೆ. ಅಂತಹ ಕೆರೆಗಳಲ್ಲಿ ಬಿತ್ತನೆ ಮಾಡಿದ ಮೀನು ಗುತ್ತಿಗೆದಾರರ ಜೀವನೋಪಾಯವಾಗಿದ್ದು, ಅವರ ಒಪ್ಪಿಗೆಯಿಲ್ಲದೆ ಗಾಳ ಹಾಕತಕ್ಕದ್ದಲ್ಲ. ರಾಷ್ಟ್ರೀಯ ಉದ್ಯಾನ ಹಾಗೂ ವನ್ಯಜೀವಿಧಾಮಗಳಿಗೆ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972 ಅನ್ವಯಿಸುತ್ತದೆ. ಆದ್ದರಿಂದ ಎಲ್ಲಿ ಗಾಳ ಹಾಕಬಹುದೆಂಬುದನ್ನು ಖಚಿತಪಡಿಸಿಕೊಂಡ ನಂತರವೇ ಸಲಕರಣೆಗಳಿಗೆ ಹಣ ವ್ಯಯಿಸುವುದು ಒಳಿತು.

ಹಗುರ ಕೋಲು ಯಾವ ಮೀನಿಗೆ?

ಅತಿ ಹಗುರ ಕೋಲುಗಳ ಮೇಲೆ ಸಾಮಾನ್ಯವಾಗಿ 'ಯು.ಎಲ್.' ಎಂಬ ಗುರುತು ಇರುತ್ತದೆ. ಅಮೆರಿಕದಲ್ಲಿ ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಬ್ಲೂಗಿಲ್, ಕ್ರ್ಯಾಪಿ ಮುಂತಾದ ಸಣ್ಣ ಮೀನುಗಳನ್ನು ಒಟ್ಟಾಗಿ 'ಪ್ಯಾನ್‌ಫಿಶ್' ಎನ್ನಲಾಗುತ್ತದೆ. ಈ ಬಗೆಯ ಕೋಲುಗಳು ಅಲ್ಲಿ ಅಂತಹ ಮೀನುಗಳಿಗಾಗಿ ಹೆಚ್ಚು ಬಳಕೆಯಲ್ಲಿವೆ. ನಮ್ಮ ರಾಜ್ಯದಲ್ಲಿ ಇವು ಜಿಲೇಬಿ ಮೀನು (ತಿಲಾಪಿಯಾ) ಹಾಗೂ ಗೆಂಡೆ ಕುಟುಂಬದ ಚಿಕ್ಕ ಮೀನುಗಳಿಗೆ ಹೊಂದುತ್ತವೆ. ಹಲವು ಕಿಲೋ ತೂಗುವ ಕಟ್ಲಾ, ರೋಹು ಮೀನುಗಳಿರುವಲ್ಲಿ ತೆಳು ದಾರವನ್ನು ಬಳಸಿದರೆ, ದಾರ ತುಂಡಾಗಿ ಮೀನು ಕೊಕ್ಕೆಯೊಂದಿಗೆ ನೀರಿಗೆ ಮರಳುವ ಸಂಭವವಿರುತ್ತದೆ.

ಕೋಲಿನ ಮೇಲಿನ ಬರಹವನ್ನು ಓದುವ ಬಗೆ

ಹಿಡಿಕೆಯ ಮೇಲ್ಭಾಗದಲ್ಲಿ ಮುದ್ರಿಸಲಾದ ಅಳತೆಗಳು ಬಹುತೇಕ ಪೌಂಡ್ ಮತ್ತು ಔನ್ಸ್‌ಗಳಲ್ಲಿರುತ್ತವೆ. 1 ಪೌಂಡ್ ಎಂದರೆ ಸುಮಾರು 454 ಗ್ರಾಂ. 1 ಔನ್ಸ್ ಎಂದರೆ ಸುಮಾರು 28 ಗ್ರಾಂ.

1. ದಾರದ ಬಲ: 2 ರಿಂದ 6 ಪೌಂಡ್ (ಸುಮಾರು 0.9 ರಿಂದ 2.7 ಕಿ.ಗ್ರಾಂ).
2. ಎಸೆಯುವ ಎರೆಯ ತೂಕ: 1/32 ರಿಂದ 1/4 ಔನ್ಸ್ (ಸುಮಾರು 1 ರಿಂದ 7 ಗ್ರಾಂ).
3. ಉದ್ದ: 5 ರಿಂದ 7 ಅಡಿ. ಪೊದೆ, ಮರಗಳಿರುವ ದಡಕ್ಕೆ 5 ರಿಂದ 5½ ಅಡಿ. ಬಯಲು ದಡಕ್ಕೆ 6 ಅಡಿ ಅಥವಾ ಹೆಚ್ಚು.
4. ಬಾಗುವಿಕೆ: ತುದಿ ಮಾತ್ರ ಬಾಗುವ ಕೋಲಿಗಿಂತ ಮಧ್ಯಭಾಗದವರೆಗೆ ಬಾಗುವ ಕೋಲು ಸಣ್ಣ ಮೀನಿಗೆ ಸೂಕ್ತ. ಇದರಿಂದ ಮೀನಿನ ಮೃದುವಾದ ಬಾಯಿ ಹರಿಯುವುದು ಕಡಿಮೆಯಾಗುತ್ತದೆ.

ಬರಹದಲ್ಲಿ ಸೂಚಿಸಿದ್ದಕ್ಕಿಂತ ಬಲವಾದ ದಾರವನ್ನು ಕಟ್ಟಬಾರದು. ಸೆಳೆತ ಹೆಚ್ಚಾದಾಗ ದಾರ ಮೊದಲು ತುಂಡಾಗಬೇಕೇ ಹೊರತು ಕೋಲಲ್ಲ. ದಪ್ಪ ದಾರದಿಂದ ಹಗುರವಾದ ಎರೆಯನ್ನು ದೂರಕ್ಕೆ ಎಸೆಯುವುದೂ ಕಷ್ಟ.

ಫೈಬರ್ ಗ್ಲಾಸ್ ಅಥವಾ ಕಾರ್ಬನ್?

ಫೈಬರ್ ಗ್ಲಾಸ್ ಕೋಲು ತುಸು ಭಾರವಾದರೂ ಬಾಗಿ ಬಾಳುತ್ತದೆ. ಮಕ್ಕಳಿಗೆ ಹಾಗೂ ಹೊಸಬರಿಗೆ ಸೂಕ್ತ. ಕಾರ್ಬನ್ ಕೋಲು ಹಗುರವಾಗಿದ್ದು, ಮೀನಿನ ಸಣ್ಣ ಕಚ್ಚುವಿಕೆಯನ್ನೂ ಕೈಗೆ ತಿಳಿಸುತ್ತದೆ. ಆದರೆ ಕಲ್ಲಿಗೆ ತಗುಲಿದರೆ ಸೀಳುವ ಸಾಧ್ಯತೆ ಹೆಚ್ಚು. ಎರಡನ್ನೂ ಬೆರೆಸಿ ತಯಾರಿಸಿದ ಕೋಲು ಮಧ್ಯಮ ಬೆಲೆಗೆ ದೊರೆಯುತ್ತದೆ. ಒಂದರೊಳಗೊಂದು ಸೇರುವ ಮಡಚು ಕೋಲು ಪ್ರಯಾಣಕ್ಕೆ ಅನುಕೂಲವಾದರೂ, ಕೀಲುಗಳಲ್ಲಿ ಮರಳು ಸಿಲುಕಿದರೆ ಸವೆಯುತ್ತದೆ. ನಿಯಮಿತ ಬಳಕೆಗೆ ಎರಡು ತುಂಡಿನ ಕೋಲು ಮೇಲು.

ಎಚ್ಚರಿಕೆ: ಕಾರ್ಬನ್ ವಿದ್ಯುತ್ ವಾಹಕವಾಗಿದೆ. ಕೆರೆ ಏರಿ ಹಾಗೂ ಪಂಪ್‌ಸೆಟ್‌ಗಳ ಬಳಿ ಹಾದುಹೋಗುವ ವಿದ್ಯುತ್ ತಂತಿಗಳ ಕೆಳಗೆ ಯಾವುದೇ ಕೋಲನ್ನು ಎತ್ತಬಾರದು. ಗುಡುಗು, ಸಿಡಿಲಿನ ಸಮಯದಲ್ಲಿ ಗಾಳ ಹಾಕುವುದನ್ನು ಕೂಡಲೇ ನಿಲ್ಲಿಸಿ ದಡದಿಂದ ದೂರ ಸರಿಯತಕ್ಕದ್ದು.

ಅಂಗಡಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

1. ಕೋಲನ್ನು ಜೋಡಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಬೇಕು. ದಾರದ ಬಳೆಗಳೆಲ್ಲವೂ ಒಂದೇ ಸಾಲಿನಲ್ಲಿರಬೇಕು.
2. ಪ್ರತಿ ಬಳೆಯೊಳಗೆ ಹತ್ತಿಯ ಚೂರನ್ನು ಉಜ್ಜಬೇಕು. ಎಳೆ ಸಿಲುಕಿದರೆ ಅಲ್ಲಿ ಬಿರುಕು ಇದೆ ಎಂದರ್ಥ. ಅದು ದಾರವನ್ನು ಕತ್ತರಿಸುತ್ತದೆ.
3. ಬಳೆಗಳು ಸುಮಾರು ಅಡಿಗೆ ಒಂದರಂತೆ ಇರಬೇಕು.
4. ರೀಲನ್ನು ಕೂರಿಸಿ ಬಿಗಿ ಮಾಡಿದಾಗ ಅಲುಗಾಡಬಾರದು. 500 ಅಥವಾ 1000 ಗಾತ್ರದ ರೀಲು ಹಗುರ ಕೋಲಿಗೆ ಸಾಕು.
5. ರೀಲಿನ ಬಳಿ ಕೋಲನ್ನು ಬೆರಳ ಮೇಲೆ ಇರಿಸಿ ತೂಗಬೇಕು. ತುದಿ ಹೆಚ್ಚು ಕೆಳಗೆ ಬಾಗಿದರೆ ಕೈ ಬೇಗ ದಣಿಯುತ್ತದೆ.

ಬೆಲೆ ಮತ್ತು ಮೌಲ್ಯ

ಕಡಿಮೆ ಬೆಲೆಯೇ ಮಿತವ್ಯಯವಲ್ಲ. ಉದಾಹರಣೆಗೆ, ರೂ. 600 ರ ಕೋಲು ಒಂದೇ ವರ್ಷದಲ್ಲಿ ನಿರುಪಯುಕ್ತವಾದಲ್ಲಿ ವಾರ್ಷಿಕ ವೆಚ್ಚ ರೂ. 600 ಆಗುತ್ತದೆ. ರೂ. 1,500 ರ ಕೋಲು 5 ವರ್ಷ ಬಾಳಿದಲ್ಲಿ ಅದು ರೂ. 300 ಮಾತ್ರ. ಹಾಗೆಂದು ದುಬಾರಿ ಕೋಲೇ ಉತ್ತಮವೆಂದೂ ಅಲ್ಲ. ಅಳತೆ ಹೊಂದದ ಕೋಲಿಗೆ ತೆತ್ತ ಹಣವೆಲ್ಲ ವ್ಯರ್ಥ. ಹಣವನ್ನು ಪೂರ್ತಿಯಾಗಿ ಕೋಲಿಗೇ ವ್ಯಯಿಸದೆ, ಸರಾಗವಾಗಿ ತಿರುಗುವ ರೀಲು ಹಾಗೂ ಹೊಸ ದಾರಕ್ಕೂ ಪಾಲು ಇರಿಸಬೇಕು. ದಡದ ಸಮೀಪದಲ್ಲಿಯೇ ಮೀನು ದೊರೆಯುವಲ್ಲಿ, ತುದಿಗೆ ದಾರ ಮತ್ತು ಬೆಂಡು ಕಟ್ಟಿದ ಬಿದಿರಿನ ಕೋಲು ಎಲ್ಲಕ್ಕಿಂತ ಮಿತವ್ಯಯದ್ದು. ಅದಕ್ಕೆ ರೀಲಿನ ಅಗತ್ಯವೇ ಇಲ್ಲ.

ಬಳಕೆಯ ನಂತರ

ಕೋಲನ್ನು ಒರೆಸಿ ನೆರಳಿನಲ್ಲಿ ಒಣಗಿಸಬೇಕು. ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಸಾಡಬಾರದು. ಅದು ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಮೇಯುವ ಜಾನುವಾರುಗಳ ಹೊಟ್ಟೆ ಸೇರುತ್ತದೆ. ಹಿಡಿದ ಜಿಲೇಬಿ ಮೀನನ್ನು ಬೇರೆ ಕೆರೆಗೆ ಬಿಡಬಾರದು. 1952 ರಲ್ಲಿ ಭಾರತಕ್ಕೆ ತರಲಾದ ಈ ವಿದೇಶಿ ಮೀನು ಶೀಘ್ರವಾಗಿ ಸಂತಾನ ವೃದ್ಧಿಸಿಕೊಂಡು ಸ್ಥಳೀಯ ಮೀನುಗಳಿಗೆ ಪೈಪೋಟಿ ಒಡ್ಡುತ್ತದೆ.

ಜಲಮೂಲದ ಗುತ್ತಿಗೆ ಹಾಗೂ ಅನುಮತಿಯ ಕುರಿತು ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.