ಸಾಂಕ್ರಾಮಿಕ ಕಾಲದ ಕಿರಿಯ ವೈದ್ಯರಲ್ಲಿ ಆಹಾರಸೇವನೆಯ ಅಸ್ತವ್ಯಸ್ತತೆ

ಆಹಾರಸೇವನೆಯ ಅಸ್ತವ್ಯಸ್ತತೆ ಎಂದರೆ ಊಟವನ್ನು ಪದೇ ಪದೇ ಬಿಡುವುದು, ಹಸಿವಿಲ್ಲದೆಯೂ ಮಿತಿಮೀರಿ ತಿನ್ನುವುದು, ತಿಂದ ಬಳಿಕ ಅಪರಾಧಭಾವದಿಂದ ಬಳಲುವುದು ಮುಂತಾದ ವರ್ತನೆಗಳು. ಇವು ಅನೊರೆಕ್ಸಿಯಾ, ಬುಲಿಮಿಯಾಗಳಂತಹ ಕಾಯಿಲೆಗಳ ಮಟ್ಟ ಮುಟ್ಟದಿರಬಹುದು. ಆದರೆ ಅವುಗಳಿಗೆ ದಾರಿಯಾಗಬಲ್ಲವು.

1924ರಲ್ಲಿ ಸ್ಥಾಪನೆಯಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೆ.ಆರ್. ಆಸ್ಪತ್ರೆಯಂತಹ ಬೋಧನಾ ಆಸ್ಪತ್ರೆಗಳಲ್ಲಿ ಪಾಳಿಗಳ ಭಾರ ಹೊರುವವರು ಗೃಹವೈದ್ಯರು ಹಾಗೂ ಸ್ನಾತಕೋತ್ತರ ವಿದ್ಯಾರ್ಥಿಗಳು. ಕೋವಿಡ್-19ರ ಕಾಲದಲ್ಲಿ ಪಿಪಿಇ ಕಿಟ್ ಧರಿಸಿದವರು ಪಾಳಿ ಮುಗಿಯುವವರೆಗೆ ನೀರನ್ನೂ ಕುಡಿಯುವಂತಿರಲಿಲ್ಲ. ಶೌಚಕ್ಕೆ ಹೋಗುವ ತೊಂದರೆಗೆ ಅಂಜಿ ಮೊದಲೇ ಅನ್ನನೀರು ಕಡಿಮೆ ಮಾಡುವುದೂ ಇತ್ತು. 2021ರ ಏಪ್ರಿಲ್ 18ಕ್ಕೆ ನಿಗದಿಯಾಗಿದ್ದ ನೀಟ್ ಪಿಜಿ ಪರೀಕ್ಷೆ ಸೆಪ್ಟೆಂಬರ್ 11ಕ್ಕೆ ನಡೆಯಿತು. ಪ್ರವೇಶ ಪ್ರಕ್ರಿಯೆ ಆರಂಭವಾದದ್ದು 2022ರ ಜನವರಿಯಲ್ಲಿ. ಹೊಸಬರು ಬಾರದೆ ಇದ್ದವರ ಹೊರೆ ಹೆಚ್ಚಿತು.

ದೀರ್ಘ ಉಪವಾಸದ ಬಳಿಕ ದೇಹ ಒಮ್ಮೆಲೇ ಹೆಚ್ಚು ಆಹಾರ ಬೇಡುತ್ತದೆ. ನಿದ್ರೆಗೆಟ್ಟಾಗ ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಹಾರ್ಮೋನು ಏರಬಹುದು. ಹೀಗೆ ಹಗಲಿನ ಉಪವಾಸ, ನಡುರಾತ್ರಿಯ ಅತಿಭೋಜನ ರೂಢಿಯಾಗುತ್ತವೆ. ಊಟ ಬಿಟ್ಟು ದುಡಿಯುವುದನ್ನು ನಮ್ಮ ಸಮಾಜ ಕರ್ತವ್ಯನಿಷ್ಠೆಯೆಂದು ಹೊಗಳುವುದರಿಂದ ತೊಂದರೆ ಬೇಗ ಬೆಳಕಿಗೆ ಬಾರದು.

1999ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ‘ಸ್ಕಾಫ್’ ಪ್ರಶ್ನಾವಳಿಯಲ್ಲಿ ಐದು ಪ್ರಶ್ನೆಗಳಿವೆ. ಎರಡಕ್ಕೆ ‘ಹೌದು’ ಎಂದರೂ ಹೆಚ್ಚಿನ ತಪಾಸಣೆ ಅಗತ್ಯ. ಆದರೆ ಪಾಳಿಯ ಒತ್ತಡದಲ್ಲಿ ತಪ್ಪಿದ ಊಟದ ಬಗ್ಗೆ ಅದು ಕೇಳುವುದಿಲ್ಲ.